ಸಾಮ್ರಾಜ್ಯ ಕಟ್ಟುವ ಆಟಕ್ಕೆ ಯಾವ ರಾಗ?



2011ರ ಫೆಬ್ರವರಿ 13. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 53ನೇ ಗ್ರ್ಯಾಮಿ ಪ್ರಶಸ್ತಿ ಸಮಾರಂಭ. ನೂರಕ್ಕೂ ಹೆಚ್ಚು ವಿಭಾಗಗಳಲ್ಲಿ ಪ್ರಶಸ್ತಿ ಹಂಚಿದ ಆ ದಿನ ಒಂದು ಹಾಡು ಸದ್ದಿಲ್ಲದೆ ಚರಿತ್ರೆ ಬರೆಯಿತು. ಹಾಡಿನ ಹೆಸರು ‘ಬಾಬಾ ಯೇತು’. ಭಾಷೆ ಪೂರ್ವ ಆಫ್ರಿಕಾದ ಸ್ವಾಹಿಲಿ. ಅರ್ಥ ‘ನಮ್ಮ ತಂದೆ’. ಕ್ರೈಸ್ತರು ನಿತ್ಯ ಹೇಳಿಕೊಳ್ಳುವ ಪ್ರಾರ್ಥನೆಯ ಸ್ವಾಹಿಲಿ ರೂಪ ಅದು. ಸಂಗೀತ ಕೂಡಿಸಿದವರು ಕ್ರಿಸ್ಟೋಫರ್ ಟಿನ್, ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಚೀನೀ ಮೂಲದ ಅಮೆರಿಕನ್. ಈ ಹಾಡು ಹುಟ್ಟಿದ್ದು ಸಿನಿಮಾಕ್ಕಾಗಿ ಅಲ್ಲ, ಚರ್ಚಿಗಾಗಿಯೂ ಅಲ್ಲ. 2005ರಲ್ಲಿ ಬಂದ ‘ಸಿವಿಲೈಸೇಷನ್ 4’ ಎಂಬ ಕಂಪ್ಯೂಟರ್ ಗೇಮಿಗಾಗಿ! ಗೇಮಿಗೆಂದು ಬರೆದ ಸಂಗೀತಕ್ಕೆ ಗ್ರ್ಯಾಮಿ ಬಂದದ್ದು ಅದೇ ಮೊದಲು.

ಕಂಪ್ಯೂಟರ್ ಗೇಮ್ ಅಂದರೆ ಮಕ್ಕಳ ಕಾಲಹರಣ, ಅದಕ್ಕೇಕೆ ಇಷ್ಟು ದೊಡ್ಡ ಪೀಠಿಕೆ ಎಂದು ಹುಬ್ಬೇರಿಸಬೇಡಿ. ಹಾಡು, ಧಾಟಿ, ಸಂಕೇತ ಸಂಗೀತ ಇವೇ ನಮ್ಮ ಬಾನುಲಿಯವರ ಅನ್ನ. ಜಗತ್ತಿನ ಕೋಟ್ಯಂತರ ಯುವಕರು ಗಂಟೆಗಟ್ಟಲೆ ಕಿವಿಗೊಟ್ಟು ಕೇಳುವ ಒಂದು ಸಂಗೀತ ಪ್ರಕಾರ ಮೂವತ್ತು ನಲವತ್ತು ವರ್ಷಗಳಲ್ಲಿ ಹೇಗೆ ಬೆಳೆಯಿತು ಎನ್ನುವುದು ನಮಗೂ ಗೊತ್ತಿರಬೇಕಾದ ಕಥೆ. ಅದರೊಳಗೆ ಇನ್ನೊಂದು ದೊಡ್ಡ ಪ್ರಶ್ನೆಯೂ ಅಡಗಿದೆ. ಮನುಕುಲದ ಇಡೀ ಚರಿತ್ರೆಯನ್ನು ಒಂದು ಆಟವಾಗಿ ಮಾಡಿದರೆ, ಅದರ ಹಿಂದೆ ಯಾರ ಸಂಗೀತ ಕೇಳಿಸಬೇಕು?

ಆಟ ಎಂದರೆ ಯಾವ ಆಟ?

ಗೇಮುಗಳಲ್ಲಿ ಹಲವು ಜಾತಿ. ಓಡುವುದು, ಹಾರುವುದು, ಗುಂಡು ಹೊಡೆಯುವುದು ಒಂದು ಬಗೆ. ಇಲ್ಲಿ ನಾವು ಮಾತಾಡುತ್ತಿರುವುದು ತಂತ್ರದ ಆಟಗಳ ಬಗ್ಗೆ, ಇಂಗ್ಲಿಷಿನಲ್ಲಿ ಸ್ಟ್ರಾಟಜಿ ಗೇಮ್ ಅನ್ನುತ್ತಾರಲ್ಲ, ಅವು. ಚದುರಂಗದ ದೂರದ ಮೊಮ್ಮಕ್ಕಳು ಎನ್ನಿ. ಆಡುವವರ ಕೈಗೆ ಒಂದು ತುಂಡು ನೆಲ, ನಾಲ್ಕು ಜನ, ಒಂದಿಷ್ಟು ಧಾನ್ಯ ಸಿಗುತ್ತದೆ. ಊರು ಕಟ್ಟಬೇಕು, ಹೊಲ ಉಳಬೇಕು, ವಿದ್ಯೆ ಬೆಳೆಸಬೇಕು, ನೆರೆಯವರೊಡನೆ ಸ್ನೇಹವನ್ನೋ ಜಗಳವನ್ನೋ ನಿಭಾಯಿಸಬೇಕು. 2000ದ ಆಸುಪಾಸಿನಲ್ಲಿ ಪುಣೆ, ಹೈದರಾಬಾದ್, ಚೆನ್ನೈಗಳ ಸೈಬರ್ ಕೆಫೆ ಮತ್ತು ಹಾಸ್ಟೆಲುಗಳಲ್ಲಿ ಕಾಲ ಕಳೆದವರಿಗೆ ‘ಏಜ್ ಆಫ್ ಎಂಪೈರ್ಸ್’ ನೆನಪಿರಬಹುದು. ಅದೂ ಇದೇ ಕುಲದ್ದು.

ಇವುಗಳಲ್ಲಿ ಎರಡು ಪಂಗಡ. ಒಂದರಲ್ಲಿ ಚದುರಂಗದಂತೆ ಸರದಿಯ ಪ್ರಕಾರ ಆಟ. ಬೇಕಾದಷ್ಟು ಹೊತ್ತು ಯೋಚಿಸಬಹುದು. ಇನ್ನೊಂದರಲ್ಲಿ ಗಡಿಯಾರ ನಿಲ್ಲುವುದಿಲ್ಲ. ನೀವು ಯೋಚಿಸುತ್ತ ಕೂತರೆ ಶತ್ರು ಬಂದು ಬಾಗಿಲು ತಟ್ಟುತ್ತಾನೆ. ಈ ಎರಡು ಪಂಗಡಗಳ ಸಂಗೀತವೂ ಬೇರೆ ಬೇರೆಯಾಗಿ ಬೆಳೆಯಿತು.

ಇಂಥ ಆಟಕ್ಕೆ ಸಂಗೀತ ಬರೆಯುವವರ ಕಷ್ಟ ಏನು? ಸಿನಿಮಾ ಸಂಗೀತ ನಿರ್ದೇಶಕರಿಗೆ ಇಷ್ಟನೇ ನಿಮಿಷಕ್ಕೆ ನಾಯಕ ಅಳುತ್ತಾನೆ ಎಂದು ಮೊದಲೇ ಗೊತ್ತು. ಗೇಮಿನ ಸಂಗೀತಗಾರರಿಗೆ ಅದು ಗೊತ್ತಿಲ್ಲ. ಯುದ್ಧ ಐದು ನಿಮಿಷದಲ್ಲಿ ಬರಬಹುದು, ಐದು ಗಂಟೆಯಾದರೂ ಬರದೆ ಇರಬಹುದು. ಒಂದೇ ಆಟ ಒಂದು ವಾರ ಸಾಗಬಹುದು. ಅಷ್ಟು ಹೊತ್ತೂ ಅದೇ ಸಂಗೀತ ಮತ್ತೆ ಮತ್ತೆ ಬರುತ್ತದೆ.

ಬಾನುಲಿಯಲ್ಲಿ ಕೆಲಸ ಮಾಡುವ ನಮಗೆ ಇದರ ಅಂದಾಜು ಚೆನ್ನಾಗಿಯೇ ಇದೆ. ಒಂದು ಕಾರ್ಯಕ್ರಮ ಎರಡು ನಿಮಿಷ ಮೊದಲೇ ಮುಗಿದರೆ ವಾದ್ಯಸಂಗೀತದ ಒಂದು ತುಣುಕು ಹಾಕುತ್ತೇವೆ. ಅದು ಕೇಳುಗರನ್ನು ಹಿಡಿದಿಡಬೇಕು, ಆದರೆ ಮೈಮೇಲೆ ಬೀಳಬಾರದು. ಥಟ್ಟನೆ ನಿಲ್ಲಿಸಿದರೂ ಕಿವಿಗೆ ಚುಚ್ಚಬಾರದು. ನೂರು ಸಲ ಕೇಳಿದರೂ ಬೇಸರ ಬರಬಾರದು. ಅಂಥ ತುಣುಕು ಸಿಗುವುದು ಸುಲಭವಲ್ಲ. ಗೇಮಿನ ಸಂಗೀತಗಾರರು ಅಂಥ ತುಣುಕುಗಳನ್ನು ಹತ್ತಾರು ಗಂಟೆಗಾಗುವಷ್ಟು ಬರೆಯಬೇಕು.

ಒಂದೇ ಸ್ವರದ ಪೆಟ್ಟಿಗೆಯಿಂದ

ಆರಂಭದ ದಿನಗಳಲ್ಲಿ ಬರೆಯಲು ಮನಸ್ಸಿದ್ದರೂ ನುಡಿಸಲು ವಾದ್ಯವೇ ಇರಲಿಲ್ಲ. 1980ರ ದಶಕದ ಪರ್ಸನಲ್ ಕಂಪ್ಯೂಟರಿನೊಳಗೆ ಇದ್ದದ್ದು ಪುಟ್ಟ ಸ್ಪೀಕರ್ ಒಂದೇ. ‘ಬೀಪ್’ ಎನ್ನುವುದು ಅದರ ಕಸುಬು. ಒಮ್ಮೆಗೆ ಒಂದೇ ಸ್ವರ. 1987ರಲ್ಲಿ ಆಡ್‌ಲಿಬ್ ಎಂಬ ಧ್ವನಿ ಕಾರ್ಡ್ ಬಂತು. ಯಮಹಾ ಕಂಪನಿಯ ಒಂದು ಚಿಪ್ಪಿನ ಬಲದಿಂದ ಅದು ಏಕಕಾಲಕ್ಕೆ 9 ಧ್ವನಿಗಳನ್ನು ಹೊರಡಿಸುತ್ತಿತ್ತು. ಇಂದು ನಗು ಬರಬಹುದು, ಅಂದು ಅದೇ ದೊಡ್ಡ ವಾದ್ಯವೃಂದ!

ಜಪಾನಿನಲ್ಲಿ ಈ ಕೆಲಸ ಬೇಗನೆ ಶುರುವಾಗಿತ್ತು. ಅಲ್ಲಿನ ಕೋಯಿ ಕಂಪನಿ 1983ರಲ್ಲಿ ‘ನೊಬುನಾಗನ ಮಹತ್ವಾಕಾಂಕ್ಷೆ’ ಎಂಬ ಅರ್ಥದ ಹೆಸರಿನ ಆಟ ಹೊರತಂದಿತು. ಚೀನಾದ ‘ಮೂರು ರಾಜ್ಯಗಳ ಕಥೆ’ ಕಾದಂಬರಿಯನ್ನು ಆಧರಿಸಿದ ಇನ್ನೊಂದು ಆಟವನ್ನು 1985ರಲ್ಲಿ ತಂದಿತು. ಆ ಎರಡನೆಯದಕ್ಕೆ, ಹಾಗೆಯೇ ನೊಬುನಾಗ ಮಾಲೆಯ ಮುಂದಿನ ಆಟಗಳಿಗೆ ಸಂಗೀತ ಬರೆದಾಕೆ ಯೋಕೊ ಕನ್ನೊ. ಆಗ ಆಕೆ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದುತ್ತಿದ್ದ ವಿದ್ಯಾರ್ಥಿನಿ. ಮುಂದೆ ಜಪಾನಿನ ಅನಿಮೇಷನ್ ಲೋಕದಲ್ಲಿ ದೊಡ್ಡ ಹೆಸರಾದ ಈಕೆಯ ಮೊದಲ ಪಾಠಶಾಲೆ ತಂತ್ರದ ಆಟಗಳೇ. ಸಾಹಿತ್ಯ ಓದಿದವರು ಸಂಗೀತದ ಹಿಂದೆ ಬಿದ್ದರೆ ಕೆಟ್ಟುಹೋಗುವುದಿಲ್ಲ ಎನ್ನಲು ಕನ್ನಡ ಬಿ.ಎ. ಮಾಡಿದ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ!

ಅಮೆರಿಕದಲ್ಲಿ 1991ರಲ್ಲಿ ಸಿಡ್ ಮೈಯರ್ ಅವರ ‘ಸಿವಿಲೈಸೇಷನ್’ ಬಂತು. ಕ್ರಿಸ್ತಪೂರ್ವ 4000ದಿಂದ ಶುರುವಾಗಿ ಅಂತರಿಕ್ಷ ಯಾನದವರೆಗೆ ಒಂದು ಜನಾಂಗವನ್ನು ನಡೆಸಿಕೊಂಡು ಹೋಗುವ ಆಟ. ಅದಕ್ಕೆ ಸಂಗೀತ ಕೊಟ್ಟವರು ಜೆಫ್ ಬ್ರಿಗ್ಸ್. 1996ರಲ್ಲಿ ಮೈಯರ್ ಮತ್ತು ಬ್ರಯನ್ ರೆನಾಲ್ಡ್ಸ್ ಜತೆ ಸೇರಿ ಅವರು ಫಿರಾಕ್ಸಿಸ್ ಕಂಪನಿ ಕಟ್ಟಿದರು. ಮುಂದಿನ ಸಿವಿಲೈಸೇಷನ್ ಆಟಗಳು ಬಂದದ್ದು ಅಲ್ಲಿಂದಲೇ. ಸಂಗೀತಗಾರನೊಬ್ಬ ಕಂಪನಿಯ ಸ್ಥಾಪಕನಾಗಿದ್ದ ಮನೆಯಲ್ಲಿ ಸಂಗೀತಕ್ಕೆ ಮರ್ಯಾದೆ ಸಿಗದೆ ಇರುತ್ತದೆಯೇ?

ಬೂಟುಗಾಲಿನ ಸದ್ದು, ಬಾನುಲಿಯಲ್ಲಿ ಹುಟ್ಟಿದ ಶೋಕ

ಗಡಿಯಾರ ನಿಲ್ಲದ ಪಂಗಡದ ಕಥೆ ಬೇರೆ. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ವೆಸ್ಟ್‌ವುಡ್ ಸ್ಟುಡಿಯೋಸ್ ಎಂಬ ಕಂಪನಿ ಇತ್ತು. ಫ್ರಾಂಕ್ ಕ್ಲೆಪಾಕಿ ಎಂಬ ಹುಡುಗ ಹದಿನೇಳನೆಯ ವಯಸ್ಸಿಗೆ ಅಲ್ಲಿ ಆಟಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದ. ಡ್ರಮ್ ಬಾರಿಸುವುದು ಅವನ ಗೀಳು. 1992ರ ಕೊನೆಗೆ ಬಂದ ‘ಡ್ಯೂನ್ 2’ ಆಟಕ್ಕೆ ಅವನೇ ಸಂಗೀತಗಾರ. ಇಂದಿನ ನೈಜ ಸಮಯದ ತಂತ್ರದಾಟಗಳಿಗೆಲ್ಲ ಮಾದರಿ ಹಾಕಿಕೊಟ್ಟ ಆಟ ಅದು. ನೀವು ಶಾಂತವಾಗಿ ಕಟ್ಟಡ ಕಟ್ಟುವಾಗ ಒಂದು ಸಂಗೀತ. ಶತ್ರು ಮೇಲೆ ಬಿದ್ದ ಕೂಡಲೇ ಇನ್ನೊಂದು. ಆಟ ನೋಡಿಕೊಂಡು ಸಂಗೀತ ತಾನೇ ಬದಲಾಗುವ ಈ ಉಪಾಯ ಮುಂದೆ ಎಲ್ಲರ ಸೊತ್ತಾಯಿತು.

ನಮ್ಮ ಯಕ್ಷಗಾನದ ಭಾಗವತರನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾದೀತು. ವೇಷಧಾರಿ ಕುಣಿತ ಬೆಳೆಸಿದರೆ ಭಾಗವತರೂ ಪದ ಬೆಳೆಸುತ್ತಾರೆ. ಅವನು ನಿಲ್ಲಿಸುವ ಸೂಚನೆ ಕೊಟ್ಟರೆ ಚೆಂಡೆ ಮದ್ದಳೆಗಳೂ ಮುಕ್ತಾಯಕ್ಕೆ ಬರುತ್ತವೆ. ಭಾಗವತರು ಕಣ್ಣಿನಿಂದ ಮಾಡುವ ಕೆಲಸವನ್ನು ಇಲ್ಲಿ ಕಂಪ್ಯೂಟರ್ ಲೆಕ್ಕದಿಂದ ಮಾಡುತ್ತದೆ.

ಇದೇ ಕ್ಲೆಪಾಕಿ 1996ರ ‘ರೆಡ್ ಅಲರ್ಟ್’ ಆಟಕ್ಕೆ ‘ಹೆಲ್ ಮಾರ್ಚ್’ ಎಂಬ ಧಾಟಿ ಬರೆದ. ಸಾಲುಗಟ್ಟಿ ನಡೆಯುವ ಬೂಟುಗಾಲುಗಳ ಸದ್ದು, ಅದರ ಮೇಲೆ ಗರಗಸದಂಥ ಎಲೆಕ್ಟ್ರಿಕ್ ಗಿಟಾರ್. ಯೋಚನೆಗೆ ಬಿಡುವಿಲ್ಲದ ಆಟಕ್ಕೆ ಯೋಚನೆಗೆ ಬಿಡುವು ಕೊಡದ ಸಂಗೀತ. ಅಂದು ಆ ಆಟ ಆಡಿದವರಿಗೆ ಇಂದಿಗೂ ಆ ಬೂಟಿನ ಲಯ ಕೇಳಿದರೆ ಕೈಬೆರಳು ಮೌಸಿನ ಕಡೆಗೆ ಹೋಗುತ್ತದಂತೆ.

ಎಲ್ಲ ಯುದ್ಧಕ್ಕೂ ಮಾರ್ಚ್ ಹೊಂದುವುದಿಲ್ಲ. 1999ರಲ್ಲಿ ಕೆನಡಾದ ರೆಲಿಕ್ ಕಂಪನಿ ‘ಹೋಮ್‌ವರ್ಲ್ಡ್’ ಎಂಬ ಬಾಹ್ಯಾಕಾಶದ ಆಟ ತಂದಿತು. ಸಂಗೀತ ಪಾಲ್ ರಸ್ಕೆಯವರದು. ಆಟದ ಆರಂಭದಲ್ಲೇ ಒಂದು ಘಟನೆ. ನಿಮ್ಮ ನೌಕೆ ಮೊದಲ ಯಾನ ಮುಗಿಸಿ ಮರಳಿದಾಗ ನಿಮ್ಮ ತಾಯಿ ಗ್ರಹ ಹೊತ್ತಿ ಉರಿಯುತ್ತಿರುತ್ತದೆ. ಆಗ ಯುದ್ಧಭೇರಿ ಮೊಳಗುವುದಿಲ್ಲ. ಅಮೆರಿಕದ ವಾಗ್ಗೇಯಕಾರ ಸ್ಯಾಮ್ಯುಯೆಲ್ ಬಾರ್ಬರ್ ಅವರ ‘ಅಡಾಜಿಯೊ’ ಕೃತಿಯ ವೃಂದಗಾನ ರೂಪ ಮೆಲ್ಲಗೆ ಏಳುತ್ತದೆ. ಆಡುವವರ ಕೈ ಸ್ತಬ್ಧವಾಗುತ್ತದೆ.

ಈ ಕೃತಿಗೂ ಬಾನುಲಿಗೂ ನಂಟಿದೆ. ಬಾರ್ಬರ್ ಇದನ್ನು 1936ರಲ್ಲಿ ನಾಲ್ಕು ತಂತಿವಾದ್ಯಗಳ ಕೃತಿಯ ಒಂದು ಭಾಗವಾಗಿ ಬರೆದಿದ್ದರು. ವಾದ್ಯವೃಂದಕ್ಕೆ ವಿಸ್ತರಿಸಿದ ರೂಪವನ್ನು ಜಗತ್ತು ಮೊದಲು ಕೇಳಿದ್ದು 1938ರ ನವೆಂಬರ್ 5ರಂದು, ತೊಸ್ಕನೀನಿ ನಿರ್ದೇಶನದಲ್ಲಿ ನ್ಯೂಯಾರ್ಕಿನಿಂದ ನಡೆದ ರೇಡಿಯೋ ಪ್ರಸಾರದಲ್ಲಿ. 1967ರಲ್ಲಿ ಬಾರ್ಬರ್ ತಾವೇ ಅದಕ್ಕೆ ಲ್ಯಾಟಿನ್ ಪ್ರಾರ್ಥನೆಯ ಮಾತು ಜೋಡಿಸಿ ವೃಂದಗಾನವಾಗಿಸಿದರು. ರೇಡಿಯೋ ಸ್ಟುಡಿಯೋದಿಂದ ಹೊರಟ ಒಂದು ಶೋಕ, ಅರವತ್ತೊಂದು ವರ್ಷಗಳ ಬಳಿಕ ಒಂದು ಆಟದೊಳಗೆ ಹೊಸ ತಲೆಮಾರಿನ ಕಣ್ಣು ತೇವ ಮಾಡಿತು.

ಅಶೋಕನ ಊರಿನ ಮೇಲೆ ರೋಮಿನ ಹಾಡು

ಈಗ ಮತ್ತೆ ‘ಸಿವಿಲೈಸೇಷನ್ 4’ಕ್ಕೆ ಬರೋಣ. 2005ರ ಈ ಆಟದ ಮುಖ್ಯ ವಿನ್ಯಾಸಕ ಸೋರೆನ್ ಜಾನ್ಸನ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರ ಕೋಣೆಯ ಜೊತೆಗಾರ ಇದೇ ಕ್ರಿಸ್ಟೋಫರ್ ಟಿನ್. ವರ್ಷಗಳ ನಂತರ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಭೇಟಿಯಾದಾಗ ಮಾತಿಗೆ ಮಾತು ಬೆಳೆದು, ಆಟದ ಆರಂಭಕ್ಕೊಂದು ಹಾಡು ಬೇಕು ಎಂಬಲ್ಲಿಗೆ ಬಂತು. ಅದೇ ವಿಶ್ವವಿದ್ಯಾಲಯದ ‘ಟ್ಯಾಲಿಸ್‌ಮನ್’ ಗಾಯಕ ತಂಡ ಹಾಡಿಕೊಟ್ಟಿತು. ಆಟ ಶುರುವಾಗುವ ಮೊದಲು ಪರದೆಯ ಮೇಲೆ ಭೂಮಿ ಕಾಣುತ್ತದೆ, ಬೆಳಗಾಗುತ್ತದೆ, ‘ಬಾಬಾ ಯೇತು’ ಏಳುತ್ತದೆ. ಹಾಡು ಮುಗಿಯಲಿ ಎಂದು ಆಟ ಶುರು ಮಾಡದೆ ಕೂತವರು ಎಷ್ಟೋ ಜನ.

ಸ್ವಾಹಿಲಿ ನಮಗೆ ಅಪರಿಚಿತ ಎಂದುಕೊಳ್ಳುತ್ತೇವೆ. ಆದರೆ ಅರಬ್ಬಿ ಸಮುದ್ರದ ಈ ದಡಕ್ಕೂ ಆ ದಡಕ್ಕೂ ಹಡಗಿನ ಸಂಬಂಧ ಹಳೆಯದು. ಸ್ವಾಹಿಲಿಯಲ್ಲಿ ಅಂಗಡಿಗೆ ‘ದುಕಾ’ ಎನ್ನುತ್ತಾರೆ. ಉತ್ತರ ಕರ್ನಾಟಕದ ನಮ್ಮವರು ‘ದುಕಾನ’ ಎನ್ನುವುದಿಲ್ಲವೇ? ಅರಬ್ಬಿಯಿಂದ ಹೊರಟ ಒಂದೇ ಪದ ಎರಡೂ ದಡ ಸೇರಿದೆ.

ಆರಂಭದ ಹಾಡು ಹೀಗೆ ಜಗತ್ತನ್ನೇ ತಬ್ಬಿಕೊಂಡಿತು, ಸರಿ. ಆಟದೊಳಗೆ ಹೋದರೆ? ಅಲ್ಲಿ ಯುಗಕ್ಕೊಂದು ಸಂಗೀತ. ಮಧ್ಯಯುಗ ತಲುಪಿದರೆ ಯುರೋಪಿನ ಹಳೆಯ ಚರ್ಚ್ ವೃಂದಗಾನ, ಅದರಲ್ಲಿ ರೋಮಿನ ಸಿಸ್ಟೀನ್ ಪ್ರಾರ್ಥನಾ ಮಂದಿರಕ್ಕಾಗಿ ಅಲೆಗ್ರಿ ಬರೆದ ‘ಮಿಸೆರೆರೆ’ಯೂ ಸೇರಿದೆ. ಮುಂದೆ ಬಾಖ್, ಆಮೇಲೆ ಬೇಥೋವನ್, ದ್ವೊರ್ಜಾಕ್. ಆಧುನಿಕ ಯುಗಕ್ಕೆ ಬಂದರೆ ಅಮೆರಿಕದ ಸಮಕಾಲೀನ ವಾಗ್ಗೇಯಕಾರ ಜಾನ್ ಆಡಮ್ಸ್. 1987ರ ಅವರ ‘ನಿಕ್ಸನ್ ಇನ್ ಚೈನಾ’ ಗೀತನಾಟಕದ ಭಾಗವೂ ಅಲ್ಲಿ ಕೇಳಿಸುತ್ತದೆ. ಒಂದೊಂದೂ ಅಪ್ಪಟ ಚಿನ್ನ. ಶಾಸ್ತ್ರೀಯ ಸಂಗೀತದ ಗಂಧವೇ ಇಲ್ಲದ ಹುಡುಗರು ಈ ಆಟದ ದೆಸೆಯಿಂದ ಬಾಖ್‌ನನ್ನು ಹುಡುಕಿಕೊಂಡು ಹೋದದ್ದು ಸುಳ್ಳಲ್ಲ.

ಆದರೂ ಒಂದು ಕಡ್ಡಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಆಟದಲ್ಲಿ ನೀವು ಅಶೋಕನಾಗಬಹುದು, ಗಾಂಧೀಜಿಯಾಗಬಹುದು, ಮಾಲಿ ದೇಶದ ಮಾನ್ಸಾ ಮೂಸಾ ಆಗಬಹುದು. ಪಾಟಲಿಪುತ್ರ ಕಟ್ಟಿ, ಗದ್ದೆಗೆ ನೀರು ಹಾಯಿಸಿ, ವಿಹಾರಗಳನ್ನು ನಿಲ್ಲಿಸಿ ಮಧ್ಯಯುಗಕ್ಕೆ ಕಾಲಿಡುತ್ತೀರಿ. ಆಗ ಊರಿನ ಮೇಲೆ ತೇಲಿ ಬರುವುದು ಲ್ಯಾಟಿನ್ ಪ್ರಾರ್ಥನೆ! ಟಿಂಬಕ್ಟೂವಿನ ಮೇಲೂ ಅದೇ, ಇಂಕಾ ಜನರ ಬೆಟ್ಟದ ಮೇಲೂ ಅದೇ. ಆಡುವವರು ಯಾರೇ ಇರಲಿ, ಕಾಲ ಮುಂದೆ ಸಾಗುವ ಸದ್ದು ಮಾತ್ರ ಯುರೋಪಿನದು. ಮನುಕುಲದ ಪ್ರಗತಿ ಎಂದರೆ ರೋಮಿನಿಂದ ವಿಯೆನ್ನಾ ಮಾರ್ಗವಾಗಿ ಅಮೆರಿಕಕ್ಕೆ ಬರುವ ಒಂದೇ ದಾರಿ ಎಂದು ಮಾತಿಲ್ಲದೆ ಹೇಳಿದಂತಾಯಿತು. ಪಠ್ಯಪುಸ್ತಕದಲ್ಲಿ ಬರೆದಿದ್ದರೆ ಯಾರಾದರೂ ಪ್ರಶ್ನಿಸುತ್ತಿದ್ದರು. ಹಿನ್ನೆಲೆ ಸಂಗೀತವನ್ನು ಯಾರು ಪ್ರಶ್ನಿಸುತ್ತಾರೆ? ಗಮನಕ್ಕೆ ಬಾರದ ಹಾಗೆ ಒಳಗಿಳಿಯುವುದರಿಂದಲೇ ಅದಕ್ಕೆ ಅಷ್ಟು ಬಲ.

ಟಿನ್ ಅವರ ಹಾಡಿನ ಮುಂದಿನ ಪಯಣ ಮಾತ್ರ ಬೇರೆ ದಿಕ್ಕು ಹಿಡಿಯಿತು. 2009ರಲ್ಲಿ ಅವರು ‘ಕಾಲಿಂಗ್ ಆಲ್ ಡಾನ್ಸ್’ ಎಂಬ ಆಲ್ಬಂ ತಂದರು. 12 ಹಾಡು, 12 ಭಾಷೆ. ಮೊದಲ ಹಾಡು ‘ಬಾಬಾ ಯೇತು’, ದಕ್ಷಿಣ ಆಫ್ರಿಕಾದ ಸೊವೆಟೊ ಗಾಸ್ಪೆಲ್ ಕಾಯಿರ್ ಕಂಠದಲ್ಲಿ. ಜಪಾನಿ, ಚೀನೀ, ಐರಿಷ್, ಹೀಬ್ರೂ, ಪರ್ಷಿಯನ್, ಮಾವೋರಿಗಳ ಜತೆ ನಮ್ಮ ಸಂಸ್ಕೃತವೂ ಅಲ್ಲಿದೆ. ‘ಶುಕ್ಲ ಕೃಷ್ಣೇ’ ಎಂಬ ಆ ಹಾಡಿನ ಮಾತು ಭಗವದ್ಗೀತೆಯದು. ಹಗಲು, ಇರುಳು, ಮುಂಜಾವು ಎಂದು ಮೂರು ಭಾಗ. ಕೊನೆಯ ಹಾಡು ಮುಗಿಯುವಲ್ಲಿಂದ ಮೊದಲ ಹಾಡಿಗೆ ಮತ್ತೆ ಸೇರಿಕೊಳ್ಳುವಂತೆ ಹೆಣೆದಿದ್ದಾರೆ. ಗ್ರ್ಯಾಮಿ ಬಂದದ್ದು ಈ ಆಲ್ಬಮ್ಮಿಗೆ ಮತ್ತು ಅದರಲ್ಲಿನ ‘ಬಾಬಾ ಯೇತು’ವಿಗೆ. ದುಬೈನ ಪ್ರಸಿದ್ಧ ಕಾರಂಜಿಯೂ ಈ ಹಾಡಿಗೆ ಕುಣಿದಿದೆ. ಅಲ್ಲಿರುವ ನಮ್ಮವರು ಎಷ್ಟೋ ಮಂದಿ ಹಿನ್ನೆಲೆ ಗೊತ್ತಿಲ್ಲದೆಯೇ ಇದನ್ನು ಕೇಳಿರಬೇಕು. ಗ್ರ್ಯಾಮಿಯವರು ಗೇಮ್ ಸಂಗೀತಕ್ಕೇ ಪ್ರತ್ಯೇಕ ಪ್ರಶಸ್ತಿ ಕೊಡತೊಡಗಿದ್ದು 2023ರಲ್ಲಿ. ಅದನ್ನು ಮೊದಲು ಪಡೆದವರು ಸ್ಟೆಫನಿ ಎಕನಾಮೌ.

ಒಂದು ಧಾಟಿ, ನಾಲ್ಕು ಕಾಲ

ಆಟ ತಯಾರಿಸುವವರೂ ಸುಮ್ಮನೆ ಕೂರಲಿಲ್ಲ. 2010ರ ‘ಸಿವಿಲೈಸೇಷನ್ 5’ರಲ್ಲಿ ಯುಗದ ಬದಲು ಪ್ರದೇಶಕ್ಕೆ ತಕ್ಕ ಸಂಗೀತ ಬಂತು. ಯುರೋಪಿಗೊಂದು, ಏಷ್ಯಾಕ್ಕೊಂದು, ಮಧ್ಯಪ್ರಾಚ್ಯಕ್ಕೊಂದು, ಅಮೆರಿಕ ಖಂಡಗಳಿಗೊಂದು. ಜತೆಗೆ ಪ್ರತಿ ನಾಯಕನಿಗೂ ಶಾಂತಿಕಾಲಕ್ಕೊಂದು, ಯುದ್ಧಕಾಲಕ್ಕೊಂದು ಧಾಟಿ. ಬರೆದವರು ಜೆಫ್ ನಾರ್ ಮತ್ತು ಮೈಕೆಲ್ ಕರನ್.

2016ರ ‘ಸಿವಿಲೈಸೇಷನ್ 6’ರಲ್ಲಿ ಇನ್ನೂ ಒಳ್ಳೆಯ ಉಪಾಯ ಹೊಳೆಯಿತು. ಜೆಫ್ ನಾರ್ ಮತ್ತು ಅವರ ತಂಡ ಪ್ರತಿ ನಾಗರಿಕತೆಗೂ ಒಂದು ಮೂಲ ಧಾಟಿ ಆರಿಸಿಕೊಂಡಿತು, ಹೆಚ್ಚಾಗಿ ಜನಪದದ್ದು ಇಲ್ಲವೇ ಜನಪ್ರಿಯವಾದದ್ದು. ಇಂಗ್ಲೆಂಡಿಗೆ ‘ಸ್ಕಾರ್ಬರೋ ಫೇರ್’, ರಷ್ಯಾಕ್ಕೆ ‘ಕಲಿಂಕಾ’, ಅಮೆರಿಕಕ್ಕೆ ಸ್ಟೀಫನ್ ಫಾಸ್ಟರ್ 1854ರಲ್ಲಿ ಬರೆದ ಬಡತನದ ಹಾಡು, ಚೀನಾಕ್ಕೆ ‘ಮಲ್ಲಿಗೆ ಹೂ’ ಎಂಬರ್ಥದ ‘ಮೋ ಲಿ ಹುವಾ’. ಆ ಬಳಿಕ ಸೇರಿದ ಕೊರಿಯಾಕ್ಕೆ ‘ಅರಿರಂಗ್’. ಪ್ರಾಚೀನ ಯುಗದಲ್ಲಿ ಆ ಧಾಟಿ ಒಂದೆರಡು ವಾದ್ಯಗಳಲ್ಲಿ ಬರಿಗಾಲಲ್ಲಿ ನಡೆಯುತ್ತದೆ. ಮಧ್ಯಯುಗಕ್ಕೆ ಸ್ವಲ್ಪ ತುಂಬಿಕೊಳ್ಳುತ್ತದೆ. ಕೈಗಾರಿಕಾ ಯುಗಕ್ಕೆ ವಾದ್ಯವೃಂದವಾಗುತ್ತದೆ. ಅಣುಯುಗಕ್ಕೆ ಭೋರ್ಗರೆಯುತ್ತದೆ. ಅದೇ ಹಾಡು, ನಾಲ್ಕು ವಯಸ್ಸು. ನೆರೆಯ ದೇಶದವರನ್ನು ಸಂಧಿಸಿದರೆ ಅವರ ಧಾಟಿಯೂ ನಿಮ್ಮ ಕಿವಿಗೆ ಬೀಳತೊಡಗುತ್ತದೆ.

ಅಶೋಕನ ಊರಿನ ಮೇಲೆ ಲ್ಯಾಟಿನ್ ಪ್ರಾರ್ಥನೆ ಕೇಳಿಸಿದ ಕಾಲಕ್ಕೂ ಇದಕ್ಕೂ ಹೋಲಿಸಿ ನೋಡಿ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಹಾಡನ್ನೇ ಹಾಡುತ್ತ ಬೆಳೆಯುತ್ತಾರೆ. ಹನ್ನೊಂದು ವರ್ಷಗಳಲ್ಲಿ ಆದ ಬದಲಾವಣೆ ಸಣ್ಣದಲ್ಲ.

ಹಾಗಿದ್ದರೂ ಲೆಕ್ಕ ಪೂರ್ತಿ ಚುಕ್ತಾ ಆಯಿತೆ? ‘ಮಲ್ಲಿಗೆ ಹೂ’ ಹಾಡನ್ನೇ ತೆಗೆದುಕೊಳ್ಳಿ. 1793ರ ಬ್ರಿಟಿಷ್ ರಾಯಭಾರಿ ತಂಡದ ಜತೆ ಚೀನಾಕ್ಕೆ ಹೋಗಿದ್ದ ಜಾನ್ ಬ್ಯಾರೊ 1804ರ ತನ್ನ ಪ್ರವಾಸ ಕಥನದಲ್ಲಿ ಇದರ ಸ್ವರಲಿಪಿ ಅಚ್ಚು ಹಾಕಿಸಿದ. ಮುಂದೆ ಇಟಲಿಯ ಪುಚಿನಿ, ಒಬ್ಬ ಬ್ಯಾರನ್ ಮನೆಯಲ್ಲಿದ್ದ ಸಂಗೀತದ ಪೆಟ್ಟಿಗೆಯಿಂದ ಇದನ್ನು ಕೇಳಿ ತನ್ನ ‘ಟುರಾಂಡೊ’ ಗೀತನಾಟಕಕ್ಕೆ ಬಳಸಿಕೊಂಡ. 1926ರಲ್ಲಿ ಮಿಲಾನ್‌ನಲ್ಲಿ ಅದರ ಮೊದಲ ಪ್ರದರ್ಶನ. ಚೀನಾದಲ್ಲಿ ಅಷ್ಟೊಂದು ಜನಪದ ಹಾಡುಗಳಿದ್ದರೂ ಹೊರಗಿನವರ ಕಿವಿಗೆ ‘ಚೀನಾ’ ಅಂದರೆ ಇದೇ ಹಾಡು ಎಂದಾಗಲು ಇನ್ನೂರು ವರ್ಷಗಳ ಈ ಓಡಾಟವೂ ಕಾರಣ. ಆಟಕ್ಕೆ ಧಾಟಿ ಆರಿಸುವವರು ಲೋಕಕ್ಕೆಲ್ಲ ಗುರುತು ಸಿಗುವುದನ್ನೇ ಆರಿಸುತ್ತಾರೆ. ಗುರುತು ಸಿಗದ ನೂರು ಹಾಡು ಹೊರಗೇ ಉಳಿಯುತ್ತವೆ.

ಆಟದೊಳಗೆ ಬರುವುದೇ ಬೇಡ ಎಂದವರೂ ಇದ್ದಾರೆ. 2013ರಲ್ಲಿ ‘ಸಿವಿಲೈಸೇಷನ್ 5’ರ ವಿಸ್ತರಣೆಗಾಗಿ ಪ್ಯೂಬ್ಲೊ ಜನರನ್ನೂ, 1680ರಲ್ಲಿ ಸ್ಪೇನಿನವರ ವಿರುದ್ಧ ದಂಗೆಯೆದ್ದ ಅವರ ನಾಯಕ ಪೋಪೇಯನ್ನೂ ಸೇರಿಸಬೇಕೆಂದಿತ್ತು. ಆ ಜನರ ಹಿರಿಯರು ಒಪ್ಪಲಿಲ್ಲ. ಕಂಪನಿ ಆ ಯೋಚನೆ ಕೈಬಿಟ್ಟು ಶೋಶೋನಿ ಜನರನ್ನು ಸೇರಿಸಿತು. 2018ರಲ್ಲಿ ‘ಸಿವಿಲೈಸೇಷನ್ 6’ಕ್ಕೆ ಕೆನಡಾದ ಕ್ರೀ ಜನರನ್ನು ಸೇರಿಸಿದಾಗ ಅವರ ಮುಖಂಡರಲ್ಲೊಬ್ಬರಾದ ಮಿಲ್ಟನ್ ಟೂಟೂಸಿಸ್ ಬಹಿರಂಗವಾಗಿಯೇ ಆಕ್ಷೇಪಿಸಿದರು. ನೆಲ ಗೆದ್ದು ಆಳುವುದು ವಸಾಹತುಗಾರರ ಗುಣ, ಅದನ್ನು ನಮ್ಮ ತಲೆಗೂ ಕಟ್ಟಬೇಡಿ ಎನ್ನುವುದು ಅವರ ಮಾತಿನ ತಿರುಳು. ನಮ್ಮ ಹಾಡು ಕೇಳಿಸಿದರೆ ಸಾಲದು, ಯಾವ ಆಟದಲ್ಲಿ ಕೇಳಿಸುತ್ತಿದೆ ಎನ್ನುವುದೂ ಮುಖ್ಯ ಎಂದು ನೆನಪಿಸಿದ ದನಿ ಅದು.

ಹೊರಗಿನವರು ಬರೆದ ನಮ್ಮ ರಾಗ

ಹಾಗಾದರೆ ನಮ್ಮ ಸಂಗೀತವನ್ನು ನಾವೇ ಬರೆಯಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಆಕಾಶವಾಣಿಯ ಸಂಕೇತ ಸಂಗೀತ. ಮುಂಜಾನೆ ತಂಬೂರಿಯ ಶ್ರುತಿಯ ಮೇಲೆ ಎಳೆಯೆಳೆಯಾಗಿ ಏಳುತ್ತಿದ್ದ ಆ ಪಿಟೀಲಿನ ದನಿಯನ್ನು ನಮ್ಮ ನಿಮ್ಮ ಮನೆಯ ಹಿರಿಯರು ಯಾರೂ ಮರೆತಿಲ್ಲ. ಅದರಲ್ಲಿ ಶಿವರಂಜನಿಯ ನೆರಳಿದೆ ಎನ್ನುತ್ತಾರೆ. ಅದನ್ನು ರಚಿಸಿದವರೆಂದು ಹೆಸರಾದವರು ವಾಲ್ಟರ್ ಕಾಫ್‌ಮನ್, ಇಂದಿನ ಜೆಕ್ ದೇಶದ ಕಾರ್ಲ್ಸ್‌ಬಾಡ್‌ನಲ್ಲಿ 1907ರಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಲದಲ್ಲಿ, 1934ರಲ್ಲಿ, ಮುಂಬೈಗೆ ಬಂದು ನೆಲೆನಿಂತರು. ವರ್ಷಗಳ ಕಾಲ ಅಲ್ಲಿನ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡರು. ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ ಉತ್ತರದ ರಾಗಗಳ ಮೇಲೆ ಒಂದು, ದಕ್ಷಿಣದ ರಾಗಗಳ ಮೇಲೆ ಇನ್ನೊಂದು ಪುಸ್ತಕ ಬರೆದರು. ಅಂಥವರು ಕೊಟ್ಟ ಧಾಟಿಯನ್ನು ಹೊರಗಿನದು ಎಂದು ಯಾರಾದರೂ ಅಂದದ್ದುಂಟೆ?

ಪುಣೆಯ ಮಿತ್ರರಿಗೆ ಇನ್ನೊಂದು ಉದಾಹರಣೆ ಹತ್ತಿರದಲ್ಲೇ ಇದೆ. ಅಲ್ಲಿನ ನಾಡಿಂಗ್ ಹೆಡ್ಸ್ ಕಂಪನಿ 2020ರಲ್ಲಿ ತಂದ ‘ರಾಜಿ’ ನಮ್ಮ ಪುರಾಣಗಳ ಹಿನ್ನೆಲೆಯ ಆಟ. ತಂತ್ರದ ಆಟವಲ್ಲ, ಸಾಹಸದ್ದು. ಅದರ ಸಂಗೀತಗಾರ ಲಿನೋಸ್ ತ್ಸೆಲೋಸ್, ಗ್ರೀಸ್ ದೇಶದವರು. ಚೀನೀ ಮೂಲದ ಟಿನ್ ಸ್ವಾಹಿಲಿಗೆ ಸಂಗೀತ ಕೂಡಿಸಿದರು. ಅಮೆರಿಕದ ನಾರ್ ಚೀನಾದ ಹಾಡಿಗೆ ನಾಲ್ಕು ವಯಸ್ಸು ಕೊಟ್ಟರು. ಯಾರು ಬರೆದರು ಎಂದು ಕೇಳುವ ಮೊದಲು, ಎಷ್ಟು ಕೇಳಿಸಿಕೊಂಡು ಬರೆದರು ಎಂದು ಕೇಳುವುದು ಮೇಲು. ಕಾಫ್‌ಮನ್ ಒಂದು ದಶಕಕ್ಕೂ ಮೀರಿ ಈ ನೆಲದಲ್ಲಿ ಕೂತು ಕೇಳಿಸಿಕೊಂಡರು.

ಎಷ್ಟು ಕೇಳಿಸಿಕೊಳ್ಳಬೇಕಾದೀತು ಎನ್ನುವುದಕ್ಕೆ ನಮ್ಮ ನಾಡನ್ನೇ ನೋಡಿ. ‘ಸಿವಿಲೈಸೇಷನ್ 6’ರಲ್ಲಿ ಇಡೀ ಭಾರತ ಒಂದೇ ನಾಗರಿಕತೆ. ಗಾಂಧೀಜಿಯ ಜತೆ ಚಂದ್ರಗುಪ್ತ ಮೌರ್ಯನೂ ಅಲ್ಲಿ ನಾಯಕ, ಕಡೆಗಾಲಕ್ಕೆ ನಮ್ಮ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡನೆಂದು ಜೈನ ಪರಂಪರೆ ಹೇಳುವ ಚಂದ್ರಗುಪ್ತ. ಇಡೀ ಭಾರತಕ್ಕೆ ಒಂದು ಧಾಟಿ ಆರಿಸುವುದಿರಲಿ, ಕರ್ನಾಟಕಕ್ಕೊಂದನ್ನು ಆರಿಸಿ ನೋಡೋಣ! ಧಾರವಾಡದ ಕಡೆ ಹೋದರೆ ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಹಿಂದುಸ್ತಾನಿ. ಮೈಸೂರಿನ ಕಡೆ ಬಂದರೆ ವೀಣೆ ಶೇಷಣ್ಣ, ವಾಸುದೇವಾಚಾರ್ಯರ ಕರ್ನಾಟಕ ಸಂಗೀತ. ಕರಾವಳಿಯಲ್ಲಿ ಚೆಂಡೆ. ಗದಗಿನ ಭೀಮಸೇನ ಜೋಶಿ ನೆಲೆಸಿದ್ದು ಪುಣೆಯಲ್ಲಿ. ಅಲ್ಲಿ ಅವರು ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಆರಂಭಿಸಿದ ಉತ್ಸವ ಇಂದು ಮಹಾರಾಷ್ಟ್ರದ ಹೆಮ್ಮೆ. ಒಂದೇ ರಾಜ್ಯದೊಳಗೆ ಎರಡು ಶಾಸ್ತ್ರೀಯ ಪದ್ಧತಿ, ಅದೂ ಗಡಿ ದಾಟಿ ಹರಡಿಕೊಂಡದ್ದು. ಇದಕ್ಕೆಲ್ಲ ಒಂದು ಧಾಟಿ ಎಂದರೆ ಯಾವುದು?

2025ರ ಫೆಬ್ರವರಿಯಲ್ಲಿ ‘ಸಿವಿಲೈಸೇಷನ್ 7’ ಬಂತು. ಆರಂಭದ ಹಾಡು ಮತ್ತೆ ಟಿನ್ ಅವರದೇ. ಈ ಸಲ ಭಾರತ ಒಂದಾಗಿ ಉಳಿಯಲಿಲ್ಲ. ಮೌರ್ಯ, ಚೋಳ, ಮೊಘಲ್ ಎಂದು ಮೂರು ಯುಗಕ್ಕೆ ಮೂರು ನಾಗರಿಕತೆಗಳಾದವು. ಬಿಡುಗಡೆಯಾದಾಗ ಅದರಲ್ಲಿ ನಮ್ಮ ಚಾಲುಕ್ಯರಿರಲಿಲ್ಲ, ವಿಜಯನಗರವೂ ಇರಲಿಲ್ಲ. ಬೇಸರಪಡಬೇಕಾಗಿಲ್ಲ. ಎಲ್ಲರಿಗೂ ಒಂದೇ ಯುರೋಪಿನ ಸಂಗೀತ ಎಂಬಲ್ಲಿಂದ ಪ್ರದೇಶಕ್ಕೊಂದು, ಆಮೇಲೆ ದೇಶಕ್ಕೊಂದು, ಈಗ ದೇಶದೊಳಗಿನ ಕಾಲಕ್ಕೊಂದು ಎಂದು ಕಿವಿ ಹಂತ ಹಂತವಾಗಿ ಸೂಕ್ಷ್ಮವಾಗುತ್ತ ಬಂದಿದೆ. ಮುಂದೊಂದು ದಿನ ಹಂಪಿಯ ಬೀದಿಗೂ ಸಂಗೀತ ಬೇಕಾದೀತು. ಅಂದು ಬರೆಯುವವರು ಬೆಂಗಳೂರಿನವರೋ ಗ್ರೀಸಿನವರೋ, ಅವರಿಗೆ ಕೇಳಿಸಿಕೊಳ್ಳಲು ನಮ್ಮ ಹಾಡುಗಳು ಉಳಿದಿರಬೇಕು. ತಾಯ್ನಾಡಿನಿಂದ ದೂರವಿರುವ ನಮ್ಮ ಮನೆಗಳಲ್ಲಿ ಅಜ್ಜಿಗೆ ಬರುವ ಬೀಸುವ ಪದ ಮೊಮ್ಮಗಳಿಗೆ ಬರುತ್ತದೆಯೇ ಎನ್ನುವುದರ ಮೇಲೂ ಅದು ನಿಂತಿದೆ.

ಅದಕ್ಕೇ ನಿಮ್ಮಲ್ಲೊಂದು ಕೇಳಿಕೆ. ಕರ್ನಾಟಕವನ್ನು ಒಂದೇ ಧಾಟಿಯಲ್ಲಿ ಹೇಳಬೇಕಾದರೆ ನೀವು ಯಾವುದನ್ನು ಆರಿಸುತ್ತೀರಿ? ಸೋಬಾನೆಯೋ, ದಾಸರ ಪದವೋ, ವಚನವೋ, ಡೊಳ್ಳಿನ ಲಯವೋ? ಮನೆಯಲ್ಲಿ ಗೇಮ್ ಆಡುವ ಮಕ್ಕಳನ್ನೂ ಕೂರಿಸಿಕೊಂಡು ಮಾತಾಡಿ, ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರೆದು ಕಳಿಸಿ. ಬಂದ ಪತ್ರಗಳನ್ನು ಓದೋಣ, ಆ ಧಾಟಿಗಳನ್ನು ಪ್ರಸಾರ ಮಾಡೋಣ. ಒಂದಕ್ಕೇ ಎಲ್ಲರ ಒಮ್ಮತ ಬರುವುದು ಅನುಮಾನ. ಜಗಳವಾಡಲು ಅಷ್ಟು ಹಾಡುಗಳಿವೆಯಲ್ಲ ಎಂಬ ಖುಷಿಯಂತೂ ಖಂಡಿತ.